ಮೂರನೇ ಮೈಕು

ಜೂನ್ 3, ಭಾನುವಾರ

ಇವತ್ತಿನ ಕಾರ್ಯಕ್ರಮ ಬಹಳ ಚೆನ್ನಾಗಿ ಆಯಿತು. ಹಾಗಂತ ನಾನು ಹೇಳುತ್ತಿಲ್ಲ, ಬೇರೆಯವರು ಹೇಳಿದ್ದು. ಮರೆಯುವ ಮೊದಲು ಬರೆದಿಡುತ್ತೇನೆ. ನಮಗೆ ಹಾಡು ಹೇಳಿಕೊಡುವ ಮೇಷ್ಟ್ರು: "ಇವತ್ತು ನಿಮ್ಮ ಸಾಲು ಗಟ್ಟಿಯಾಗಿ ನಿಂತಿತ್ತು." ಸಭಾಂಗಣದ ಕಾರ್ಯದರ್ಶಿ: "ಏನು ಕಂಠ ಸಾರ್ ನಿಮ್ಮದೆಲ್ಲ!" ನಿಮ್ಮದೆಲ್ಲ ಅಂದರೆ ಏಳೂ ಜನರದ್ದು, ನಿಜ. ಆದರೆ ಹಾಗೆನ್ನುವಾಗ ಅವರು ನನ್ನ ಕಡೆಯೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಕನ್ನಡಕದ ಹೆಂಗಸು ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಎರಡನೇ ಹಾಡಿಗೆ ತಲೆದೂಗುತ್ತಿದ್ದರು. ತೂಕಡಿಕೆಯೂ ಇರಬಹುದು. ಇರಲಾರದು.

ಸ್ಕೂಟರಿನಲ್ಲಿ ಬರುವಾಗ ಹಿಂದೆ ಕೂತ ಹೆಂಡತಿಯನ್ನು ಕೇಳಿದೆ, "ಹೇಗಿತ್ತು?" "ಚೆನ್ನಾಗಿತ್ತು" ಅಂದಳು. ಇವಳ ಚೆನ್ನಾಗಿತ್ತುಗಳಲ್ಲಿ ಎರಡು ಮೂರು ತರ ಇವೆ. ಇವತ್ತಿನದು ಮೇಲ್ದರ್ಜೆಯದು.

ಹೊಗಳಿಕೆಗೆ ಬಾಯಿ ಬಿಡುತ್ತೇನೆ ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ವಾರವಿಡೀ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಂಡವರ ಬಾಯಿಗೆ ಹಲ್ಲು ಕಟ್ಟುವವನು ನಾನು. ಅಚ್ಚಿಗೆ ಪ್ಲಾಸ್ಟರ್ ಸುರಿಯುವುದರಿಂದ ಹಿಡಿದು ಪಾಲಿಶ್ ತನಕ ಕೆಲಸ ನನ್ನದು, ಕನ್ನಡಿ ಹಿಡಿದು "ಆಹಾ ಡಾಕ್ಟ್ರೇ" ಅನ್ನಿಸಿಕೊಳ್ಳುವವರು ಡಾಕ್ಟರು. ಹಲ್ಲಿನ ಸೆಟ್ಟು ಚೆನ್ನಾಗಿದ್ದಷ್ಟೂ ಅದು ಸೆಟ್ಟು ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ. ಹಾಡು ಹಾಗಲ್ಲ. ಎದುರಿಗೇ ಚಪ್ಪಾಳೆ. ಹನ್ನೊಂದು ವರ್ಷದಿಂದ ಮೇಷ್ಟ್ರ ವೃಂದದಲ್ಲಿ ಮೂರನೇ ಮೈಕು ನನ್ನದೇ, ಒಂದು ಭಾನುವಾರವೂ ತಪ್ಪಿಸಿಲ್ಲ.

ಜೂನ್ 10, ಭಾನುವಾರ

ಮಾನ ಹೋಯಿತು. ನನ್ನದಲ್ಲ, ವೃಂದದ್ದು.

ನನ್ನ ಭಾವಮೈದನಿಗೆ, ಅಂದರೆ ಇವಳ ತಮ್ಮನಿಗೆ, ನಿನ್ನೆ ಸ್ಪೀಕರ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿದೆ. ನಮ್ಮ ಸೌಂಡು ನೋಡಿಕೊಳ್ಳುವವನು ಮೊದಲಿನಿಂದಲೂ ಅವನೇ. ಬದಲಿಗೆ ರೇಡಿಯೊ ರಿಪೇರಿಯವನೊಬ್ಬನನ್ನು ಕಳಿಸಿದ್ದ. ಶ್ರದ್ಧೆಯ ಮನುಷ್ಯ. ಒಂದೊಂದು ಮೈಕನ್ನೂ ಬಿಚ್ಚಿ ಒರೆಸಿ ಇಟ್ಟ.

ಮೊದಲ ಹಾಡಿನಲ್ಲೇ ಸ್ಪೀಕರಿನಿಂದ ಒಂದು ದನಿ ಎದ್ದು ಬಂತು ನೋಡಿ, ನನ್ನ ಮೈ ಜುಂ ಎಂದಿತು. ಎಲ್ಲರೂ ಮೇಲಕ್ಕೆ ಹೋದರೆ ಅದು ಅರ್ಧ ಮೆಟ್ಟಿಲಲ್ಲೇ ಕೂತುಬಿಡುತ್ತದೆ. ಶ್ರುತಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ನನ್ನ ಎಡಕ್ಕೆ ನಿಲ್ಲುವವನು ಔಷಧಿ ಅಂಗಡಿಯವನು. ಅವನದೇ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಾಡುತ್ತಲೇ ಅವನನ್ನು ದುರುಗುಟ್ಟಿ ನೋಡಿದೆ. ಅವನು ಎಂಥ ಚಾಲಾಕಿ ಎಂದರೆ, ನಾನು ಉಸಿರಿಗೆ ನಿಲ್ಲಿಸಿ ಕಿವಿಗೊಟ್ಟಾಗಲೆಲ್ಲ ತಾನೂ ಸರಿಮಾಡಿಕೊಂಡುಬಿಡುತ್ತಿದ್ದ. ಅವನನ್ನು ಮುಚ್ಚಿಹಾಕಲು ನಾನು ದನಿ ಏರಿಸಿದೆ. ಅವನೂ ಏರಿಸಿದ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ಪರದೆಯ ಹಿಂದೆ ಬಂದ ಕೂಡಲೇ ಕೇಳಿಯೇಬಿಟ್ಟೆ, "ಏನ್ರೀ ಅದು? ಅಭ್ಯಾಸ ಮಾಡದೆ ಬಂದು ನಿಂತರೆ ಉಳಿದವರ ಮರ್ಯಾದೆ ಏನಾಗಬೇಕು?" ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ನೆಲ ನೋಡಿದರು. ಕೊನೆಗೆ ಅವನು "ಸ್ಪೀಕರ್ ಸರಿ ಇರಲಿಲ್ವೇನೋ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಯಾರೂ ನಗಲಿಲ್ಲ.

ದಾರಿಯಲ್ಲಿ ನಾನಿನ್ನೂ ಕೇಳೇ ಇರಲಿಲ್ಲ, ಇವಳೇ "ಚೆನ್ನಾಗಿತ್ತು" ಅಂದಳು.

ಜೂನ್ 12, ಮಂಗಳವಾರ

ಮಧ್ಯಾಹ್ನ ಮೇಣದ ಮೇಲೆ ಮುಂದಿನ ಹಲ್ಲು ಕೂರಿಸುತ್ತಿದ್ದೆ. ಆ ರೇಡಿಯೊ ರಿಪೇರಿಯವನು ಬಂದ. ಅವನ ತಾಯಿಯ ಕೆಳಗಿನ ಸೆಟ್ಟು ಸಡಿಲವಾಗಿದೆಯಂತೆ. ನನ್ನನ್ನು ಕಂಡು ಮುಖ ಇಷ್ಟಗಲ ಮಾಡಿಕೊಂಡ.

"ಸಾರ್, ಮೂರನೇ ಮೈಕು ನೀವೇ ಅಲ್ವಾ? ನಿಮಗೆ ಹೇಳಬೇಕು ಅಂತಲೇ ಇದ್ದೆ. ನಿಮ್ಮ ಭಾವಮೈದ ಫೋನಲ್ಲಿ, ಟೆಸ್ಟಿಂಗ್ ಆದ್ಮೇಲೆ ಮೂರನೇದು ಮುಚ್ಚಿಬಿಡು, ಹಾಡು ಮುಗಿಯೋ ತನಕ ತೆಗೀಬೇಡ, ಮೊದಲಿಂದ್ಲೂ ಹಾಗೇ ಮಾಡೋದು ಅಂದ್ರು. ಮೈಕು ಕೆಟ್ಟಿರಬೇಕು ಅಂದ್ಕೊಂಡೆ. ಬಿಚ್ಚಿ ನೋಡಿದ್ರೆ ಒಳಗೆ ಏನೇನೂ ತೊಂದರೆ ಇಲ್ಲ. ಸುಮ್ನೆ ಇಷ್ಟು ವರ್ಷ ಮುಚ್ಚಿಟ್ಟಿದ್ದಾರೆ ಪಾಪ. ನಾನು ತೆಗೆದೇ ಇಟ್ಟೆ. ಫಸ್ಟ್ ಕ್ಲಾಸಾಗಿ ಬಂತು. ಹೇಗಿತ್ತು ಸಾರ್ ಸೌಂಡು?"

ಅವನು ಕಾಯುತ್ತಾ ನಿಂತಿದ್ದ. ನಾನು "ಚೆನ್ನಾಗಿತ್ತು" ಅಂದೆ.

ಅವನು ಹೋದ ಮೇಲೆ ನೋಡಿದರೆ ಮುಂದಿನ ಹಲ್ಲು ಸೊಟ್ಟ ಕೂತಿತ್ತು. ಕಿತ್ತು ಮತ್ತೆ ಕೂರಿಸಿದೆ. ಮತ್ತೂ ಸೊಟ್ಟ.

ಜೂನ್ 13

ಔಷಧಿ ಅಂಗಡಿಯವನ ದನಿ ಅಲ್ಲ ಅದು.

ಜೂನ್ 14, ಗುರುವಾರ

ಭಾವಮೈದನ ಮನೆಗೆ ಹೋದೆ. ಮಂಚದ ಮೇಲೆ ಸೌದೆಯ ಹಾಗೆ ಬಿದ್ದಿದ್ದ. ಎದ್ದು ಓಡಿಹೋಗುವ ಹಾಗಿರಲಿಲ್ಲ, ಅದೊಂದು ಅನುಕೂಲ.

"ಎಷ್ಟು ವರ್ಷದಿಂದ?" ಅಂದೆ.

ಅವನಿಗೆ ಅರ್ಥವಾಯಿತು. "ಭಾವ, ಕೂತ್ಕೊಳ್ಳಿ ಮೊದ್ಲು."

"ಎಷ್ಟು ವರ್ಷದಿಂದ ಅಂತ ಕೇಳಿದೆ."

"ಮೊದಲ್ನೇ ವರ್ಷದಿಂದಾನೇ. ಟೆಸ್ಟಿಂಗ್ ಮಾಡೋವಾಗ ತೆಗೀತಿದ್ದೆ, ಹಾಡು ಶುರುವಾದ್ಮೇಲೆ ಮುಚ್ತಿದ್ದೆ. ನನ್ನ ಮೇಲೆ ಯಾಕೆ ರೇಗ್ತೀರಾ? ಮೇಷ್ಟ್ರು ನಿಮ್ಮನ್ನ ಬೇಡವೇ ಬೇಡ ಅಂದಿದ್ರು. ಅಕ್ಕನೇ ಹೋಗಿ ಕಾಡಿ ಬೇಡಿ, ಸುಮ್ನೆ ನಿಲ್ಲಿಸಿಕೊಳ್ಳಿ ಸಾಕು, ಮೈಕಿನ ವಿಷಯ ನನ್ನ ತಮ್ಮ ನೋಡ್ಕೋತಾನೆ ಅಂದ್ಲು."

ಅಕ್ಕ. ಅಂದರೆ ಇವಳು. ನಾನು ಹೊರಟೆ. ಬಾಗಿಲ ತನಕ ಬಂದ ಮೇಲೆ ಅವನು ಹಿಂದಿನಿಂದ "ನೀವು ಖುಷಿಯಾಗಿದ್ರಲ್ಲ ಭಾವ" ಅಂದ. ಸೊಂಟದ ಮೇಲೆ ಒಂದು ಕೊಡಬೇಕು ಅನ್ನಿಸಿತು.

ಏಳು ಜನರಲ್ಲಿ ಆರು ಜನಕ್ಕೆ ಗೊತ್ತು. ಅವರ ಹೆಂಡಂದಿರಿಗೂ ಗೊತ್ತಿರಲೇಬೇಕು. ಭಾನುವಾರ ಬೆಳಿಗ್ಗೆ ನಾನು ಬಿಸಿನೀರು ಕುಡಿದು, ಗಂಟಲಿಗೆ ಮಫ್ಲರ್ ಸುತ್ತಿಕೊಂಡು, ತಣ್ಣನೆಯದು ಯಾರಾದರೂ ಕೊಟ್ಟರೆ "ಬೇಡ, ಇವತ್ತು ಹಾಡುವುದಿದೆ" ಎನ್ನುತ್ತಿದ್ದೆ. ಆಗ ಇವರೆಲ್ಲ ಯಾವ ಕಡೆ ನೋಡುತ್ತಿದ್ದರು?

ಜೂನ್ 15, ಶುಕ್ರವಾರ

ಕೇಳಿದೆ. ಇವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು.

"ಹೌದು, ನಾನೇ ಹೇಳಿದ್ದು."

"ನನಗೇ ಹೇಳಬಹುದಿತ್ತಲ್ಲ?"

"ಹೇಗ್ ಹೇಳ್ಲಿ? ನೀವು ಹೇಗಿತ್ತು ಹೇಗಿತ್ತು ಅಂತ ಕೇಳ್ತಿದ್ರಲ್ಲ, ಒಂದು ಸಲವಾದ್ರೂ ಬೇರೆ ಉತ್ತರ ಕೇಳೋ ಮುಖ ಮಾಡಿದ್ರಾ? ಆ ಮುಖ ನೋಡಿ ಯಾವ ಹೆಂಡ್ತಿ ಹೇಳ್ತಾಳೆ ಹೇಳಿ."

"ಹೆಂಡತಿಯೇ ಹೇಳಬೇಕು. ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ."

"ಗೊತ್ತಾಗಿ ಏನು ಸಿಕ್ತು ಈಗ?" ಅಂದಳು.

ಈಗ ಬರೆಯುವಾಗ ಒಂದು ಉತ್ತರ ಹೊಳೆಯುತ್ತಿದೆ, ಆದರೆ ಎದ್ದು ಹೋಗಿ ಹೇಳುವಷ್ಟು ಒಳ್ಳೆಯದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ಬೇರೆ ಯಾರು ಮಾಡಿದ್ದರೂ ಮನೆಗೆ ಬಂದು ಇವಳ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದೆ. ಮದುವೆಯಾದಾಗಿನಿಂದ ನನ್ನ ಎಲ್ಲ ದೂರುಗಳನ್ನೂ ಇವಳಿಗೇ ಹೇಳಿಕೊಂಡು ಬಂದಿದ್ದೇನೆ.

ಜೂನ್ 17, ಭಾನುವಾರ

ಅಭ್ಯಾಸಕ್ಕೆ ಹೋಗಲಿಲ್ಲ. ಕ್ಲಿನಿಕ್ಕಿಗೆ ರಜೆ, ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ರೆಕಾರ್ಡಿಂಗ್ ಆನ್ ಮಾಡಿದ ಫೋನು ಮೇಜಿನ ಮೇಲಿಟ್ಟು ಹಾಡಿದೆ. ನನಗೆ ತುಂಬ ಇಷ್ಟದ್ದು, ಮೇಷ್ಟ್ರು ಕೊನೆಗೆ ಹಾಡಿಸುವ ಹಾಡು.

ಹಾಡುವಾಗ ನಿಜಕ್ಕೂ ಚೆನ್ನಾಗಿತ್ತು. ಮುಚ್ಚಿಟ್ಟವರೆಲ್ಲ ಹೊಟ್ಟೆಕಿಚ್ಚಿನವರು ಎಂದು ಒಂದು ಕ್ಷಣ ಖಾತ್ರಿಯಾಯಿತು. ಆಮೇಲೆ ಫೋನಿನಲ್ಲಿ ಕೇಳಿಸಿಕೊಂಡೆ.

ಅದೇ ದನಿ. ಅರ್ಧ ಮೆಟ್ಟಿಲಲ್ಲಿ ಕೂರುವ ಅದೇ ದನಿ. ಎದುರಿಗಿದ್ದ ಪ್ಲಾಸ್ಟರಿನ ದವಡೆಗಳೆಲ್ಲ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು.

ಮೋಸ ಮಾಡಿದವರ ಕಿವಿ ಕೆಟ್ಟಿದ್ದರೆ ಸಿಟ್ಟು ಸುಲಭವಿತ್ತು. ಇವರು ಕಿವಿ ಸರಿಯಿದ್ದು ಮೋಸ ಮಾಡಿದ್ದಾರೆ. ಈ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಜೂನ್ 25, ಸೋಮವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಇದ್ದದ್ದಿಷ್ಟೇ: ಊಟಕ್ಕೆ ಬನ್ನಿ, ಬಂದೆ. ಬಾಗಿಲು ಹಾಕಿ, ಹಾಕಿದೆ. ಮನೆಯಲ್ಲಿ ಇಬ್ಬರೂ ಬಾಡಿಗೆದಾರರ ಹಾಗಿದ್ದೇವೆ.

ಇವತ್ತು ಸಂಜೆ ಮೇಷ್ಟ್ರು ಬಂದರು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಯಾರ ಮನೆಗೂ ಹೋಗುವವರಲ್ಲ. ಕಾಫಿ ಕುಡಿದು, ಹವಾಮಾನದ ಬಗ್ಗೆ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು.

"ಆದದ್ದು ಆಯ್ತು. ನೀವಿಲ್ದೆ ಆ ಜಾಗ ಹಲ್ಲು ಬಿದ್ದ ಹಾಗೆ ಕಾಣ್ತದೆ. ನಿಮ್ಮ ಭಾಷೇಲೇ ಹೇಳಿದೆ ನೋಡಿ. ಬನ್ನಿ. ಇನ್ಮೇಲೆ ಮೈಕು ತೆರೆದೇ ಇರ್ತದೆ, ನನ್ನ ಮಾತು."

"ನನ್ನ ಶ್ರುತಿ?"

"ಅದೆಲ್ಲ ಅಭ್ಯಾಸದಿಂದ ಬರ್ತದೆ. ನಿಮ್ಮ ದನೀಲಿ ಒಂದು ಗಾಂಭೀರ್ಯ ಇದೆ, ಅದು ಎಲ್ಲರಿಗೂ ಬರೋದಲ್ಲ."

ಮೂಗಿಗೆ ತುಪ್ಪ ಸವರುತ್ತಿದ್ದಾರೆ ಎಂದು ಗೊತ್ತು. ಗೊತ್ತಿದ್ದೂ ಮೂಗು ಮುಂದೆ ಚಾಚಿದೆ. ಗಾಂಭೀರ್ಯ ಎನ್ನುವ ಮಾತು ಅವರು ಹೋದ ಮೇಲೂ ಬಹಳ ಹೊತ್ತು ಕಿವಿಯಲ್ಲಿತ್ತು. ಹೋಗುತ್ತೇನೆ. ಅಭ್ಯಾಸವೂ ಮಾಡುತ್ತೇನೆ. ಒಂದೇ ಒಂದು ಸಲ ತೆರೆದ ಮೈಕಿನಲ್ಲಿ ಸರಿಯಾಗಿ ಹಾಡಿ, ಇವರೆಲ್ಲರ ಬಾಯಿ ಮುಚ್ಚಿಸಬೇಕು.

ಜುಲೈ 8, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಸಂಜೆ ಕಾರ್ಯಕ್ರಮ. ಭಾವಮೈದ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದು ಮಿಕ್ಸರ್ ಮುಂದೆ ಕೂತಿದ್ದ. ನನ್ನ ಮೈಕನ್ನು ಬೆರಳಲ್ಲಿ ತಟ್ಟಿದೆ. ಟಕ್ ಟಕ್ ಎಂದು ಸ್ಪೀಕರಿನಲ್ಲಿ ಬಂತು. ಅವನು ಹೆಬ್ಬೆರಳು ತೋರಿಸಿದ. ಟೆಸ್ಟಿಂಗಿನಲ್ಲಿ ಯಾವತ್ತು ಬರುತ್ತಿರಲಿಲ್ಲ? ಹನ್ನೊಂದು ವರ್ಷವೂ ಬಂದಿತ್ತು.

ಹಾಡು ಶುರುವಾಯಿತು. ನನ್ನ ಕಣ್ಣು ಅವನ ಕೈಯ ಮೇಲೆ. ಬಲಗೈ ಮೇಲೆ ಬಂತು, ಏನನ್ನೋ ಮುಟ್ಟಿತು. ಮುಚ್ಚಿದನೇ? ಮೂಗು ಒರೆಸಿಕೊಂಡ. ಮತ್ತೆ ಕೈ ಮುಂದೆ ಹೋಯಿತು. ಈಗ ಮುಚ್ಚಿದನೇ? ಏಳು ದನಿಯಲ್ಲಿ ನನ್ನದು ಇದೆಯೋ ಇಲ್ಲವೋ, ವೇದಿಕೆಯ ಮೇಲೆ ನಿಂತವನಿಗೆ ತಿಳಿಯುವುದು ಹೇಗೆ? ಹಾಡಿ ಪರೀಕ್ಷಿಸಬಹುದಿತ್ತು. ಆದರೆ ತೆರೆದಿದ್ದರೆ ಆ ದನಿ ಕೇಳಿಸುತ್ತದೆ, ಮುಚ್ಚಿದ್ದರೆ ಮತ್ತೆ ಮೋಸವಾಗುತ್ತದೆ. ಎರಡರಲ್ಲಿ ಯಾವುದನ್ನು ಎದುರಿಸಲೂ ಧೈರ್ಯ ಬರಲಿಲ್ಲ. ಇಡೀ ಕಾರ್ಯಕ್ರಮ ಬಾಯಿ ಆಡಿಸಿದೆ ಅಷ್ಟೇ. ಒಂದು ಅಕ್ಷರ ಹೊರಗೆ ಬಿಡಲಿಲ್ಲ. ನನಗೆ ತುಂಬ ಇಷ್ಟದ ಹಾಡು ಬಂದಾಗಲೂ ಬಿಡಲಿಲ್ಲ.

ಮುಗಿದ ಮೇಲೆ ಪರದೆಯ ಹಿಂದೆ ಮೇಷ್ಟ್ರು ಎರಡೂ ಕೈ ಚಾಚಿಕೊಂಡು ಬಂದರು. "ನೋಡಿದ್ರಾ! ನಾನ್ ಹೇಳಿರ್ಲಿಲ್ವಾ? ಮೈಕು ಪೂರ್ತಿ ತೆರೆದಿತ್ತು ಇವತ್ತು. ಎಷ್ಟು ಚೆನ್ನಾಗಿ ಬೆರೀತು ನಿಮ್ಮ ದನಿ! ಅದ್ಭುತ!" ಭಾವಮೈದ ದೂರದಿಂದಲೇ "ಸೂಪರ್ ಭಾವ!" ಎಂದು ಕೂಗಿದ. ಒಬ್ಬರು ಕೈ ಕುಲುಕಿದರು. ಇನ್ನೊಬ್ಬರು ಬೆನ್ನು ತಟ್ಟಿದರು. ನಾನು ಎಲ್ಲರಿಗೂ ಥ್ಯಾಂಕ್ಸ್ ಹೇಳಿದೆ. ಇದೇ ಮಾತುಗಳು, ಇದೇ ಧಾಟಿ. ಇಷ್ಟು ವರ್ಷ ನಾನು ಮನೆಗೆ ಹೊತ್ತುಕೊಂಡು ಹೋಗಿ ಇಲ್ಲಿ ಬರೆದಿಟ್ಟದ್ದು ಇವನ್ನೇ.

ಔಷಧಿ ಅಂಗಡಿಯವನೊಬ್ಬನೇ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಯಾಕ್ರೀ, ಇವತ್ತು ಹಾಡಲೇ ಇಲ್ಲ?"

ಜುಲೈ 10, ಮಂಗಳವಾರ

ಔಷಧಿ ಅಂಗಡಿಗೆ ಹೋಗಿ, ಅವತ್ತು ಬೈದದ್ದು ತಪ್ಪಾಯಿತು ಎಂದೆ. ಅವನು ಗಿರಾಕಿಗೆ ಮಾತ್ರೆ ಕತ್ತರಿಸಿ ಕೊಡುತ್ತಿದ್ದ.

"ಬಿಡಿ. ನಾನೂ ಬಾಯಿ ಮುಚ್ಕೊಂಡೇ ಇದ್ನಲ್ಲ. ನಿಮ್ಮ ಪಕ್ಕ ನಿಂತು ಶ್ರುತಿ ಹಿಡಿಯೋದು ಎಷ್ಟು ಕಷ್ಟ ಗೊತ್ತಾ? ಒಂದು ಕಿವಿಗೆ ಹತ್ತಿ ಇಟ್ಕೊಂಡು ಬರ್ತಿದ್ದೆ."

ನಗಬೇಕೋ ಕಪಾಳಕ್ಕೆ ಹೊಡೆಯಬೇಕೋ ತಿಳಿಯಲಿಲ್ಲ. ನಗು ಮೊದಲು ಬಂತು. ಅವನೂ ನಕ್ಕ. ಇನ್ನು ವೃಂದಕ್ಕೆ ಬರುವುದಿಲ್ಲ ಎಂದು ಅವನ ಕೈಲೇ ಮೇಷ್ಟ್ರಿಗೆ ಹೇಳಿಕಳಿಸಿದೆ.

"ಹಾಗಾದ್ರೆ ಹಾಡೋದು ಬಿಟ್ರಾ?"

ಗೊತ್ತಿಲ್ಲ ಎಂದು ಹೇಳಿ ಬಂದೆ.

ಜುಲೈ 16, ಸೋಮವಾರ

ಇವತ್ತು ಕೆಲಸ ಜಾಸ್ತಿ. ಮೂರು ಅಚ್ಚು ಬಂದಿದ್ದವು. ಪ್ಲಾಸ್ಟರಿನ ಗುಳ್ಳೆ ಹೋಗಿಸುವ ಮೆಶೀನು ಗುಂಯ್ ಎನ್ನುತ್ತಾ ಇರುತ್ತದೆ, ಅದರ ಜೊತೆ ನಾನೂ ಹಾಡಿಕೊಂಡಿರಬೇಕು. ಡಾಕ್ಟರು ಬಾಗಿಲು ತೆರೆದು, "ಸ್ವಲ್ಪ ಮೆಲ್ಲಗೆ. ಕುರ್ಚಿಯಲ್ಲಿರೋರು ಒಳಗೆ ಯಾರಿಗೋ ಹಲ್ಲು ಕೀಳ್ತಿದ್ದಾರೆ ಅಂತ ಹೆದರಿಕೊಂಡಿದ್ದಾರೆ" ಅಂದರು. ಸರಿ ಎಂದೆ. ಅವರು ಹೋದ ಮೇಲೆ ಉಳಿದದ್ದನ್ನು ಮೆಲ್ಲಗೆ ಮುಗಿಸಿದೆ. ಪ್ಲಾಸ್ಟರು ಒಂದು ಗುಳ್ಳೆ ಇಲ್ಲದೆ ಬಂದಿದೆ.

ಬರುವಾಗ ಟೊಮೇಟೊ ತಂದೆ.

ಜುಲೈ 22, ಭಾನುವಾರ

ವೃಂದದ ಕಾರ್ಯಕ್ರಮ ಇತ್ತಂತೆ. ನಾನು ಮನೆಯಲ್ಲೇ ಇದ್ದೆ. ಸಂಜೆ ಮುಂದಿನ ಕೋಣೆಯಲ್ಲಿ ವಾರದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ ಹಾಡುತ್ತಿದ್ದೆ. ಇವಳು ಅಡುಗೆಮನೆಯಿಂದ ಬಂದು ಕಿಟಕಿ ಮುಚ್ಚಿ ಹೋದಳು. ಇಸ್ತ್ರಿಯ ಬಿಸಿಗೆ ಸೆಕೆ. ತೆರೆದೆ. ಮತ್ತೆ ಬಂದು ಮುಚ್ಚಿದಳು. ಮತ್ತೆ ತೆರೆದೆ. ಮೂರನೇ ಸಲ ಬಂದಾಗ ಕಿಟಕಿಗೆ ಬೆನ್ನು ಕೊಟ್ಟು ನಿಂತೆ.

"ಮುಚ್ಚುವ ಕೆಲಸ ಇನ್ನು ಸಾಕು" ಅಂದೆ. ಇಷ್ಟು ದಿನ ಆಡದೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿ ಬಂತು. ಅವಳ ಮುಖ ಸಣ್ಣದಾಯಿತು.

"ಪಕ್ಕದ್ಮನೆಯವ್ರು ಏನಂದ್ಕೋತಾರೆ?"

"ಏನಂದ್ಕೋತಾರೆ?"

"ಏನಂದ್ಕೋತಾರೆ ಅಂದ್ರೆ..." ತಡವರಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿಕೊಂಡೇ ಹೇಳಿದಳು, "ಕೆಟ್ಟದಾಗಿ ಹಾಡ್ತೀರಿ ರೀ ನೀವು."

ಹೇಳಿದ ಮೇಲೆ ಕೈಯಿಂದ ಪಿಂಗಾಣಿ ಜಾರಿದವಳ ಹಾಗೆ ನಿಂತಳು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟೆ, ಅಂಗಿ ಸುಡುವುದರಲ್ಲಿತ್ತು.

"ಎಲ್ಲಿ?" ಎಂದೆ.

"ಎಲ್ಲಿ ಅಂದ್ರೆ? ಎಲ್ಲಾ ಕಡೆ. ಮೇಲೆ ಹೋಗೋ ಕಡೆ ಸ್ವಲ್ಪ ಜಾಸ್ತಿ."

"ಹಾಗಾದರೆ ಕೂತ್ಕೋ. ಮೇಲೆ ಹೋಗೋದು ಮುಂದಿನ ಸಾಲಲ್ಲಿದೆ."

ಅವಳು ಮಾಡಿದ್ದನ್ನು ಕ್ಷಮಿಸಿದ್ದೇನೆ ಎಂದು ಇವತ್ತು ಬರೆಯಲಾರೆ. ಎದೆಯಲ್ಲಿ ಅದು ಇನ್ನೂ ಇದೆ, ರೊಟ್ಟಿಯಲ್ಲಿ ಸಿಕ್ಕ ಕಲ್ಲಿನ ಹಾಗೆ. ಆದರೆ ಅವಳು ಕುರ್ಚಿ ಎಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ನಾನು ಉಸಿರು ತೆಗೆದುಕೊಂಡು ಮುಂದಿನ ಸಾಲು ಹಿಡಿದೆ. ಮೇಲೆ ಹೋದೆ. ಹೋಗಬೇಕಾದಷ್ಟು ಹೋಗಲಿಲ್ಲ, ನನಗೇ ಕೇಳಿಸಿತು. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಎದ್ದು ಹೋಗಲಿಲ್ಲ. ನಾನೂ ನಿಲ್ಲಿಸಲಿಲ್ಲ.